ಮೋಟಾರಿನ ಕುಪ್ಪಸ

ಹಿರಿಯೂರಿನ ತೆಂಗಿನಕಾಯಿ ವರ್ತಕರಾದ ಗಂಗಾಧರಪ್ಪನವರು ಹೆಂಡತಿಯ ರವಿಕೆಯನ್ನು ತಮ್ಮ ಮೋಟಾರಿಗೆ ತೊಡಿಸಿದರೆಂಬ ಸುದ್ದಿ ಆ ಸೀಮೆಯಲ್ಲೆಲ್ಲ ಹಬ್ಬಿತ್ತು. ಹೊಸದುರ್ಗದಿಂದ ಹೊರಟಾಗ ಅದು ಬರಿಯ ರವಿಕೆಯಾಗಿತ್ತು, ಹೊಳಲ್ಕೆರೆಯಲ್ಲಿ ಸೀರೆಯೂ ಸೇರಿತು, ಬಿ.ದುರ್ಗ ಮುಟ್ಟುವಷ್ಟರಲ್ಲಿ ಮುತ್ತೈದೆಯರು ಮೋಟಾರಿಗೆ ಉಡಿ ತುಂಬಿ ಆರತಿಯನ್ನೂ ಎತ್ತಿಬಿಟ್ಟಿದ್ದರು. ಇದು ಶುದ್ಧ ಸುಳ್ಳು. ರವಿಕೆಯ ಒಂದು ನೂಲೂ ಆ ಯಂತ್ರಕ್ಕೆ ತಗುಲಿಲ್ಲ. ತಗುಲಿದ್ದು ಅದರ ಯುಕ್ತಿ ಮಾತ್ರ.

ಊರು ಬಿಟ್ಟುಹೋದ ಬಿಳಿಯ ಇಂಜಿನಿಯರೊಬ್ಬರಿಂದ ಗಂಗಾಧರಪ್ಪನವರು ಆ ಮೋಟಾರನ್ನು ಕೊಂಡು ಮೂರು ವರ್ಷವಾಗಿತ್ತು. ಅಷ್ಟರಲ್ಲಿ ಅದು ಹತ್ತಿರದ ಹಳ್ಳಿ ಹರಿಯಬ್ಬೆಯಿಂದಾಚೆಗೆ ಹೋದದ್ದಿಲ್ಲ. ಹರಿಯಬ್ಬೆಯಿಂದ ಮರಳಿದ್ದೂ ಎತ್ತುಗಳ ಕೃಪೆಯಿಂದ. ಇಂಜಿನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಕಬ್ಬಿಣದ ದಂಡವೊಂದು ಅದರ ಹೊಟ್ಟೆಯಡಿಯಲ್ಲಿದೆ. ದಂಡದ ನಡುವೆ ಮೊಣಕೈಯಂತೆ ಮಡಿಯುವ ಕೀಲು, ಕೀಲಿನ ಸುತ್ತ ಗ್ರೀಸು ತುಂಬಿದ ಚರ್ಮದ ಗವಸು. ಈ ಸಲ ಹರಿದದ್ದು ಆ ಗವಸು. ಗ್ರೀಸು ಹೊರಗೆ ಚಿಮ್ಮಿತು, ದಾರಿಯ ಧೂಳು ಒಳಗೆ ಹೊಕ್ಕಿತು, ಕೀಲು ವಾತದ ಮುದುಕಿಯಂತೆ ನರಳತೊಡಗಿತು.

ಮೋಟಾರಿನೊಡನೆ ಬಂದ ಇಂಗ್ಲಿಷ್ ಪುಸ್ತಕ ಆ ಗವಸನ್ನು 'ಬೂಟು' ಎಂದು ಕರೆದಿತ್ತು. (ಯಾವ ಕಾಲಿಗೆ ಎಂಬ ಜಿಜ್ಞಾಸೆಯಲ್ಲೇ ಒಂದು ದಿನ ಕಳೆಯಿತು.) ಬೂಟು ಬದಲಿಸುವ ಪ್ರಕರಣದ ಮೊದಲ ಅಧ್ಯಾಯ 'ಉಪಕರಣಗಳು ಮತ್ತು ಪೂರ್ವಸಿದ್ಧತೆ'. ಗಂಗಾಧರಪ್ಪನವರು ಯಾವುದನ್ನೂ ಅರ್ಧಂಬರ್ಧ ಮಾಡುವವರಲ್ಲ. ಸ್ನಾನ ಮಾಡಿ, ವಿಭೂತಿ ಧರಿಸಿ, ಅಂಗಳದಲ್ಲಿ ಮಡಿಪಂಚೆ ಹಾಸಿ, ಅದರ ಮೇಲೆ ಸ್ಪ್ಯಾನರುಗಳನ್ನು ವಯಸ್ಸಿನ ಕ್ರಮದಲ್ಲಿ ಮಲಗಿಸಿದರು. ಪಕ್ಕದಲ್ಲಿ ಇಕ್ಕಳ, ಗ್ರೀಸಿನ ಡಬ್ಬಿ, ತೊಳೆಯಲು ಸೀಮೆಎಣ್ಣೆ, ಚಕ್ರ ಜಾರದಂತೆ ಆನಿಸಲು ಎರಡು ಗುಂಡುಕಲ್ಲು. ಸಂಜೆಗೆ ಎಲ್ಲವನ್ನೂ ಒರೆಸಿ ಒಳಗಿಟ್ಟರು. ಮರುದಿನ ಮತ್ತೆ ಮಡಿಪಂಚೆ. ಹೀಗೆ ಎಂಟು ದಿನ.

"ರೀ, ಇವನ್ನ ತೊಳೀತೀರಿ, ಒರೆಸ್ತೀರಿ, ಸಾಲಾಗಿ ಕೂರುಸ್ತೀರಿ. ಇವಕ್ಕೇನು ಹೆಣ್ಣು ತೋರ್ಸಾದೈತಾ?" ಎಂದರು ಅವರ ಹೆಂಡತಿ ಅನ್ನಪೂರ್ಣಮ್ಮನವರು.

"ಸಿದ್ಧತೆ ಅಂದ್ರೆ ಅರ್ಧ ಕೆಲ್ಸ ಕಣೇ."

"ಹಂಗಾದ್ರೆ ಅರ್ಧ ದಾರಿಗಾದ್ರೂ ಕರ್ಕಂಡು ಹೋಗ್ರಿ."

ಬರುವ ಸೋಮವಾರ ಹೊಸದುರ್ಗದಲ್ಲಿ ಆಕೆಯ ಅಣ್ಣ ಪರಮೇಶ್ವರಪ್ಪನ ಮಗುವಿಗೆ ಹೆಸರಿಡುವ ಶಾಸ್ತ್ರವಿತ್ತು. ಕಮಾನುಗಾಡಿ ಕಟ್ಟಿಸುತ್ತೇನೆ ಎಂದು ಗಂಡ ಎಷ್ಟು ಹೇಳಿದರೂ ಆಕೆ, "ಹೋದ್ರೆ ಮೋಟಾರ್ನಾಗೆ. ಇಲ್ದಿದ್ರೆ ಇಲ್ಲ" ಎಂದು ಕಡ್ಡಿ ಮುರಿದಂತೆ ನುಡಿದಿದ್ದರು. ಇದು ಸಾಹುಕಾರನ ಹೆಂಡತಿಯ ಡೌಲು ಎಂದು ಗಂಗಾಧರಪ್ಪನವರು ತಿಳಿದರು.

ಶನಿವಾರ ಬೆಳಿಗ್ಗೆ, ಜೋಡು ಹೊಲಿಯುವ ಬೋರಪ್ಪ ಹೊಸ ಚರ್ಮದ ಗವಸನ್ನು ತಂದಾಗ, ಗಂಗಾಧರಪ್ಪನವರು ಮೋಟಾರಿನ ಕೆಳಗೆ ಅಂಗಾತ ಮಲಗಿ ಕೀಲನ್ನು ಧ್ಯಾನಿಸುತ್ತಿದ್ದರು. ಅಂಗಳಕ್ಕೆ ಬಂದ ಅನ್ನಪೂರ್ಣಮ್ಮನವರು ಗಂಡ ಅಲ್ಲಿರುವುದನ್ನು ಗಮನಿಸಲಿಲ್ಲ.

"ಅಮ್ಮಾರೆ, ಮನ್ಯಾಗೆ ಗಾಡಿ ಐತೆ, ಎತ್ತು ಅವೆ. ತವರಿಗೆ ಹೋಗಾಕೆ ಇದೇ ಆಗ್ಬೇಕಾ?" ಎಂದು ಬೋರಪ್ಪ ಕೇಳಿದ.

"ಏನ್ ಹೇಳ್ಲಿ ಬೋರಪ್ಪಣ್ಣ. ಇದನ್ನ ತಂದಾಗ ನಮ್ಮಣ್ಣ ನಾಕು ಜನದ ಮುಂದೆ ಅಂದ, 'ನಿನ್ ಗಂಡ ತಗಡಿನ ಎಮ್ಮೆ ಕಟ್ಟವ್ನೆ, ಹಾಲೂ ಕೊಡಲ್ಲ, ಹೊಲಾನೂ ಉಳಲ್ಲ' ಅಂತ. ಅದ್ರಾಗೆ ಕುಂತ್ಕಂಡೇ ನಿನ್ನ ಹೊಸ್ತಿಲು ತುಳೀತೀನಿ, ಅಲ್ಲೀಗಂಟ ಬರಾಕಿಲ್ಲ ಅಂದು ಎದ್ದು ಬಂದೆ. ಮೂರು ವರ್ಸ ಆತು. ಇವರಿಗೆ ಮಾತ್ರ ಹೇಳ್ಬ್ಯಾಡ. ಹೇಳಿದ್ರೆ ಇನ್ನೂ ಎಂಟು ದಿನ ಸಿದ್ಧತೆ ಮಾಡ್ತಾರೆ."

ಬೋರಪ್ಪನ ಕಣ್ಣಿಗೆ ಮೋಟಾರಿನಡಿ ಚಾಚಿದ್ದ ಎರಡು ಪಾದಗಳು ಬಿದ್ದವು. ಅವನು ಕೈಯಲ್ಲಿದ್ದ ಗವಸಿನ ಹೊಲಿಗೆ ನೋಡತೊಡಗಿದ.

ಕೆಳಗೆ ಗಂಗಾಧರಪ್ಪನವರ ಕೆನ್ನೆಯ ಮೇಲೆ ಏನೋ ಹರಿಯಿತು. ಗ್ರೀಸೆಂದು ಒರೆಸಿಕೊಂಡರು. ಗ್ರೀಸು ಅಷ್ಟು ತೆಳ್ಳಗಿರುವುದಿಲ್ಲವೆಂಬುದು ಅವರಿಗೂ ಗೊತ್ತಿತ್ತು. ಆಕೆ ಒಳಗೆ ಹೋಗುವವರೆಗೆ ಕಾದು, ತೆವಳಿ ಹೊರಬಂದು, "ಕೊಡೋ ಬೋರಪ್ಪ, ಇವತ್ತೇ ಹಾಕೋದು" ಎಂದರು.

ಗವಸು ಕೀಲಿಗೆ ಏರಲಿಲ್ಲ. ಅಳತೆಯೇನೋ ಸರಿಯಾಗಿತ್ತು, ಆದರೆ ಅದು ಅಂಗಿಯ ತೋಳಿನಂತೆ ಸುತ್ತಲೂ ಮುಚ್ಚಿ ಹೊಲಿದದ್ದು, ದಂಡದ ಎರಡು ತುದಿಗಳೂ ಕಬ್ಬಿಣಕ್ಕೆ ಕಚ್ಚಿಕೊಂಡಿದ್ದವು. ಬಿಚ್ಚೋಣವೆಂದರೆ ಎಂಟು ದಿನ ಮಿಂದು ಮಡಿಯಾಗಿದ್ದ ಸ್ಪ್ಯಾನರುಗಳಲ್ಲಿ ಒಂದೂ ಆ ಬೋಲ್ಟುಗಳಿಗೆ ಹೊಂದಲಿಲ್ಲ.

"ಹೊಂದೋ ಸ್ಪ್ಯಾನರಿಗೆ ಮದರಾಸಿಗೆ ಕಾಗದ ಬರೀಬೇಕು. ತಿಂಗಳು ಹಿಡೀತದೆ" ಎಂದು ಅವರು ನೆಲದ ಮೇಲೆ ಕುಸಿದು ಕುಳಿತರು. ಬಾಗಿಲಿಗೆ ಬಂದ ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ.

ಅನ್ನಪೂರ್ಣಮ್ಮನವರು ಸೆರಗು ಸಿಕ್ಕಿಸಿ, ಬಗ್ಗಿ, ಮೋಟಾರಿನ ಅಡಿಗೆ ಇಣುಕಿದರು.

"ಅಲ್ರೀ, ಎರಡು ಕಡೆ ಕೈ ಹಿಡ್ಕಂಡಿರೋ ಕೂಸಿಗೆ ಅಂಗಿ ತೊಡ್ಸಾಕಾಯ್ತದಾ? ಮುಂದೆ ಗಂಟು ಹಾಕೋ ರವಿಕೆ ಥರ ಮಾಡ್ರಿ. ಉದ್ದಕ್ಕೆ ಸೀಳಿ, ಸುತ್ತಿ, ದಾರ ಏರ್ಸಿ ಬಿಗೀರಿ."

"ಪುಸ್ತಕದಾಗೆ ಹಂಗಿಲ್ಲ ಕಣೇ."

"ಪುಸ್ತಕ ಬರ್ದೋನು ರವಿಕೆ ತೊಟ್ಟಿದ್ನಾ?"

ಬೋರಪ್ಪ ಆಗಲೇ ಹೊಲಿಗೆ ಬಿಚ್ಚತೊಡಗಿದ್ದ. ಅಂಚುಗಳಿಗೆ ತೂತು ಹೊಡೆದು, ಕೀಲಿಗೆ ಸುತ್ತಿ, ಚರ್ಮದ ದಾರ ಪೋಣಿಸಿದ. ಗಂಗಾಧರಪ್ಪನವರು ಒಳಗೆ ಗ್ರೀಸು ತುಂಬಿದರು. "ಅಂಚು ಒಂದ್ರ ಮೇಲೊಂದು ಬರ್ಲಿ, ಇಲ್ದಿದ್ರೆ ಧೂಳು ಹೋಗ್ತದೆ" ಎಂದು ಆಕೆ ನಿಂತಲ್ಲೇ ನಿರ್ದೇಶಿಸಿದರು. ಮಧ್ಯಾಹ್ನದ ಊಟದೊಳಗೆ ಕೆಲಸ ಮುಗಿದಿತ್ತು. ಆಮೇಲೆ ಗಂಗಾಧರಪ್ಪನವರು ಕುತೂಹಲಕ್ಕೆಂದು ಆ ಪ್ರಕರಣದ ಎರಡನೆಯ ಅಧ್ಯಾಯಕ್ಕೆ ಹಾಳೆ ತಿರುಗಿಸಿದರು. ಅಲ್ಲಿ ಉದ್ದಕ್ಕೆ ಸೀಳಿ ದಾರ ಬಿಗಿದ ಬೂಟಿನ ಚಿತ್ರವಿತ್ತು. ಪುಸ್ತಕವನ್ನು ಮುಚ್ಚಿ ಅಟ್ಟಕ್ಕೇರಿಸಿದರು, ಯಾರಿಗೂ ಹೇಳಲಿಲ್ಲ.

ಸೋಮವಾರ ಮೋಟಾರು ಎಲ್ಲಿಯೂ ನಿಲ್ಲದೆ ಹೊಸದುರ್ಗ ಮುಟ್ಟಿತು. ಜಗಲಿಯ ತುಂಬ ನೆಂಟರು. ಪರಮೇಶ್ವರಪ್ಪ ಕ್ಷಣಕಾಲ ನಿಂತು ನೋಡಿದ. ಆಮೇಲೆ ತಾನೇ ಇಳಿದುಬಂದು ಮೋಟಾರಿನ ಬಾಗಿಲು ಹಿಡಿದು, "ಬಾರವ್ವ ತಂಗಿ" ಎಂದ. ಅನ್ನಪೂರ್ಣಮ್ಮನವರು ಮಹಾರಾಣಿಯಂತೆ ಇಳಿದರು.

"ಇದನ್ನ ಓಡಂಗೆ ಮಾಡಿದ್ದು ಯಾವ ಮೇಸ್ತ್ರಿ, ಭಾವನೋರೆ?"

ಉತ್ತರ ಕೊಟ್ಟವರು ತಂಗಿ: "ಮೇಸ್ತ್ರಿ ಯಾಕಣ್ಣ? ಎಲ್ಲಾ ಇವರ ಕೈಕೆಲ್ಸ."

ಇಲ್ಲಿ ಸುಮ್ಮನಿರುವುದು ವಿವೇಕಿಯ ಲಕ್ಷಣ. ಆದರೆ ಶನಿವಾರ ಕೇಳಿದ ಮಾತು ಗಂಗಾಧರಪ್ಪನವರ ಎದೆಯಲ್ಲಿ ಎರಡು ದಿನದಿಂದ ಉಬ್ಬುತ್ತಲೇ ಇತ್ತು. ಈ ಹೆಂಡತಿಯ ಹಿರಿಮೆ ಜಗತ್ತಿಗೆ ತಿಳಿಯಲೇಬೇಕೆಂದು ಅವರು ಪೇಟ ಸರಿಪಡಿಸಿಕೊಂಡು, ಇಡೀ ಜಗಲಿಗೆ ಕೇಳುವಂತೆ ಸಾರಿದರು:

"ಸುಳ್ಳು! ನನ್ನ ಕೈಯಾಗೆ ಏನೂ ಆಗ್ಲಿಲ್ಲ. ಮೋಟಾರು ಇಲ್ಲೀಗಂಟ ಬಂದದ್ದು ಇವಳ ರವಿಕೆಯಿಂದ!"

ಹಿರಿಯರೊಬ್ಬರು ಕೆಮ್ಮಿದರು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಇಬ್ಬರು ಗಂಡಸರು ಬಗ್ಗಿ ಮೋಟಾರಿನಡಿ ಪರೀಕ್ಷೆಗೇ ತೊಡಗಿದರು. ಅನ್ನಪೂರ್ಣಮ್ಮನವರು ಕೆಂಪಾಗಿ ಒಳಗೆ ಓಡಿದರು. ಹಿಂತಿರುಗುವಾಗ ಹೊಸದುರ್ಗದಿಂದ ಹಿರಿಯೂರಿನವರೆಗೆ ಆಕೆ ಮುಖ ಆಚೆ ತಿರುಗಿಸಿಯೇ ಕುಳಿತಿದ್ದರು.

ಮೋಟಾರು ಈಗಲೂ ಓಡುತ್ತಿದೆ. ಅನ್ನಪೂರ್ಣಮ್ಮನವರು ವರ್ಷಕ್ಕೆ ನಾಲ್ಕು ಸಲ ಗಂಡನ ಪಕ್ಕದಲ್ಲಿ ಕುಳಿತು ತವರಿಗೆ ಹೋಗಿಬರುತ್ತಾರೆ. ಇಳಿಯುವ ಮುಂಚೆ, "ಒಳಗೆ ಬಾಯಿ ಬಿಡಬ್ಯಾಡ್ರಿ" ಎನ್ನುತ್ತಾರೆ. ಗಂಗಾಧರಪ್ಪನವರು ಬಾಯಿ ಬಿಡುವುದಿಲ್ಲ.