ಅಕ್ಕನ ಕೇಸೂ ಮಾಮಾನ ತಪಾಸಣೆಯೂ

ನಮ್ಮ ಮಾಮಾ ದೇವರನ್ನು ನಂಬದವರೇನಲ್ಲ. ನಂಬುತ್ತಾರೆ, ಆದರೆ ವಿಚಾರಣೆ ಮುಗಿದ ಮೇಲೆ. ಯಲ್ಲಮ್ಮನ ಗುಡ್ಡದಲ್ಲಿ ಕೈಮುಗಿದು ನಿಂತಾಗ ಅವರ ಒಂದು ಕಣ್ಣು ತಾಯಿಯ ಮೇಲಿರುತ್ತದೆ, ಇನ್ನೊಂದು ಹೊರಗೆ ಬಿಟ್ಟ ಚಪ್ಪಲಿಯ ಮೇಲೆ. ತಾಯಿ ಇದುವರೆಗೆ ಬೇಸರ ಮಾಡಿಕೊಂಡಂತಿಲ್ಲ. ಚಪ್ಪಲಿಯೂ ಹೋಗಿಲ್ಲ.

ಅವರು ನಮ್ಮವ್ವನ ತಮ್ಮ, ಇರುವುದು ನಮ್ಮ ಮನೆಯಲ್ಲೇ. ಮೂವತ್ತು ವರ್ಷ ನಡುದಾರಿಯಲ್ಲಿ ಬಸ್ಸು ನಿಲ್ಲಿಸಿ, ಹತ್ತಿ, ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಅವರ ಪ್ರಕಾರ ಮನುಷ್ಯರಲ್ಲಿ ಎರಡೇ ಬಗೆ: ಟಿಕೆಟ್ ತೆಗೆದವರು, ಮತ್ತು ಕಿಟಕಿಯ ಹೊರಗೆ ನೋಡುವವರು. ನಾನೇನು ಕಡಿಮೆಯೇ? ಚರ್ಚಾಸ್ಪರ್ಧೆಗಳಲ್ಲಿ ಪರ ಅಂದರೆ ಪರ, ವಿರೋಧ ಅಂದರೆ ವಿರೋಧ ಮಾತಾಡಿ ಬಹುಮಾನದ ಢಾಲು ಹೊತ್ತು ತಂದವಳು. ಎದುರಿನವರು ಬಾಯಿ ತೆರೆಯುವ ಮೊದಲೇ ಅವರ ಮಾತಿನಲ್ಲಿ ತೂತು ಹುಡುಕುವ ಚಟ ನನ್ನದು. ಇಂಥ ಇಬ್ಬರಿರುವ ಸವದತ್ತಿಯ ಮನೆಗೆ, ಬೈಲಹೊಂಗಲದ ಗಂಡನ ಮನೆಯಿಂದ ಅಕ್ಕ ತನ್ನ ಆರು ವರ್ಷದ ಮಗಳನ್ನು ಕರೆದುಕೊಂಡು ಬಂದು, "ಇನ್ನ ನನ್ನಿಂದ ಆಗೂದಿಲ್ಲ" ಅಂದಳು.

ಹೊಡೆತ, ಕುಡಿತ ಯಾವುದೂ ಇರಲಿಲ್ಲ. ಅವರಿಬ್ಬರ ನಡುವೆ ಮಾತೇ ನಿಂತುಹೋಗಿತ್ತು. ಭಾವನಿಗೆ ಉಪ್ಪು ಬೇಕಾದರೆ ಮಗಳಿಗೆ ಹೇಳಬೇಕು, ಮಗಳು ಅಕ್ಕನಿಗೆ ಹೇಳಬೇಕು. ಮೂವರೂ ಕೂತಿರುತ್ತಿದ್ದುದು ಮಾತ್ರ ಒಂದೇ ಚಾಪೆಯ ಮೇಲೆ. ಅಕ್ಕನಿಗೆ ಬೇಕಾದದ್ದು ಎರಡು: ವಿಚ್ಛೇದನ, ಮತ್ತು ಮಗಳು ತನ್ನ ಬಳಿಯೇ ಇರುವುದು. ಮೊದಲನೆಯದಕ್ಕೆ ಭಾವ ತಕರಾರು ಮಾಡಲಿಲ್ಲ. ಎರಡನೆಯದು ಬಂದಾಗ, ವರ್ಷಗಟ್ಟಲೆ ಸುಮ್ಮನಿದ್ದ ಮನುಷ್ಯ ಬಾಯಿ ಬಿಟ್ಟರು: "ಕೂಸು ನಂದೂ ಅಲ್ಲೇನು?"

"ಮಾತಾಡಾಕ ಹತ್ತ್ಯಾನ. ಏನೋ ಐತಿ ಇದರಾಗ," ಅಂದರು ಮಾಮಾ.

ವಕೀಲರ ತಪಾಸಣೆ ಶುರುವಾಯಿತು. ಮೊದಲು ಕಂಡ ವಕೀಲರು ಬಹಳ ಚೆನ್ನಾಗಿ ಮಾತಾಡಿದರು. ಅದೇ ಅವರ ತಪ್ಪಾಯಿತು. "ಇಷ್ಟ ಛಲೋ ಮಾತಾಡ್ತಾನ ಅಂದ್ರ ಇವನ್ನ ನಂಬಾಕ ಬರೂದಿಲ್ಲ." ಎರಡನೆಯವರು ಹೆಚ್ಚು ಮಾತಾಡಲಿಲ್ಲ. "ಏನೋ ಮುಚ್ಚಿಡಾಕ ಹತ್ತ್ಯಾನ." ಮೂರನೆಯವರನ್ನು ಹೆಚ್ಚುಕಡಿಮೆ ಒಪ್ಪಿದ್ದರು. ಅಷ್ಟರಲ್ಲಿ ಆ ವಕೀಲರು ಕೋರ್ಟಿನ ಎದುರಿನ ಅಂಗಡಿಯಲ್ಲಿ ಭಾವನ ಕಡೆಯ ವಕೀಲರ ಜೊತೆ, ಒಂದು ಚಹಾ ತೆಗೆದುಕೊಂಡು ಇಬ್ಬರೂ ಅರ್ಧರ್ಧ ಕುಡಿಯುತ್ತಿರುವುದು ಮಾಮಾನ ಕಣ್ಣಿಗೆ ಬಿತ್ತು.

"ನೋಡ ವಾದಿಗಿತ್ತಿ, ಕೂಸನ್ನೂ ಇವರು ಹಿಂಗ ಹಂಚತಾರ." ವಾದಿಗಿತ್ತಿ ಅಂತ ಅವರು ಕರೆಯುವುದು ನನ್ನನ್ನು.

"ಇಲ್ಲಿ ಇರೂದು ಒಂದ ಚಹಾದಂಗಡಿ ಮಾಮಾ. ಅವರು ಎಲ್ಲಿ ಹೋಗಬೇಕು?"

"ಬ್ಯಾರೆ ಬ್ಯಾರೆ ಹೊತ್ತಿಗೆ ಹೋಗಲಿ."

ಕೊನೆಗೆ ನಾನೇ ಒಂದು ದಾರಿ ಹುಡುಕಿದೆ. ಹೆಣ್ಣುಮಕ್ಕಳ ಆದಾಯ ಎಷ್ಟೇ ಇರಲಿ, ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ವಕೀಲರನ್ನು ಉಚಿತವಾಗಿ ನೇಮಿಸಿಕೊಡುತ್ತಾರೆ. "ಪುಕ್ಕಟೆ" ಅನ್ನುವ ಶಬ್ದ ಕಿವಿಗೆ ಬಿದ್ದದ್ದೇ ಮಾಮಾನ ಹುಬ್ಬು ಮೇಲೇರಿ ಅಲ್ಲೇ ನಿಂತಿತು. ನೇಮಕವಾಗಿ ಬಂದವರು ಒಬ್ಬ ಯುವ ವಕೀಲೆ. ಅಕ್ಕ ವಕಾಲತ್ತುನಾಮೆಗೆ ಸಹಿ ಮಾಡುವ ಮೊದಲು ಮಾಮಾ ಅದನ್ನು ಮೂರು ಸಲ ಓದಿದರು, ಬುಡದಲ್ಲಿದ್ದ ಮುದ್ರಣಾಲಯದ ಹೆಸರನ್ನೂ ಬಿಡದೆ. ಆಮೇಲೆ ಕೇಳಿದರು:

"ಮೇಡಮ್ಮಾರ, ಎದುರು ಪಾರ್ಟಿ ವಕೀಲನ ಕೂಡ ಚಹಾ ಕುಡೀತೀರೇನ್ರಿ?"

"ದಿನಾ ಕುಡೀತೇನ್ರಿ ಅಜ್ಜಾರ. ನನಗ ಕೆಲಸಾ ಕಲಿಸಿದವರ ಅವರು. ಆದ್ರ ಕೋರ್ಟಿನ್ಯಾಗ ಅವರನ್ನ ಬಿಡೂದಿಲ್ಲ."

ಮಾಮಾ ಆಕೆಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ಈಕಿ ಕಿಟಕಿ ಹೊರಗ ನೋಡಲಿಲ್ಲ," ಅಂತ ನನ್ನ ಕಿವಿಯಲ್ಲಿ ಉಸುರಿದರು. ಅಕ್ಕ ಸಹಿ ಮಾಡಿದಳು.

ನ್ಯಾಯಾಧೀಶರು ಮಗುವನ್ನು ಒಬ್ಬಳನ್ನೇ ತಮ್ಮ ಕೋಣೆಗೆ ಕರೆಸಿ ಮಾತಾಡಿಸುತ್ತಾರೆ ಎಂದು ಗೊತ್ತಾದಾಗ ಮನೆಯಲ್ಲಿ ತಯಾರಿ ನಡೆಯಿತು. ಅಕ್ಕನಿಗೆ ಇದರ ಸುಳಿವಿಲ್ಲ. "ಯಾರ ಕಡೆ ಇರತಿ ಅಂತ ಕೇಳಿದ್ರ, ಅವ್ವನ ಕಡೆ ಅನಬೇಕು, ತಿಳೀತ?" ಎಂದು ಮಾಮಾ ಪಾಠ ಮುಗಿಸಿದರು. ನನಗೆ ಇದು ತೀರ ದುರ್ಬಲ ಅನ್ನಿಸಿತು. ಕಾರಣವಿಲ್ಲ, ಸಮರ್ಥನೆಯಿಲ್ಲ, ಇದೂ ಒಂದು ವಾದವೇ? ಎರಡು ಸಂಜೆ ಕೂತು ನಾನು ಅದನ್ನು ರಿಪೇರಿ ಮಾಡಿದೆ.

ಮಗು ಒಳಗೆ ಹೋಗಿ ಬಂತು. ಆಮೇಲೆ ವಕೀಲೆಗೆ ಕರೆ ಬಂತು. ಆಕೆ ಹೊರಗೆ ಬಂದಾಗ ಮುಖದಲ್ಲಿ ನಗುವಿತ್ತೋ ಸಿಟ್ಟೋ ತಿಳಿಯಲಿಲ್ಲ.

"ಮಾನ್ಯ ನಿರ್ಣಾಯಕರೇ ಅಂತ ಶುರು ಮಾಡ್ಯಾಳ. ಮೂರು ಅಂಶ ಹೇಳ್ಯಾಳ. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ ಅಂತ ಕೈ ಮುಗದಾಳ. ಯಾರು ಕಲಿಸಿದವರು?"

ಮಾಮಾ ನನ್ನ ಕಡೆ ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ.

"ಇದು ನಗೂ ಮಾತಲ್ಲ," ಅಂದರು ವಕೀಲೆ. "ಕೂಸಿಗೆ ಕಲಿಸಿ ಕಳಸ್ಯಾರ ಅಂತ ಸಾಹೇಬ್ರಿಗೆ ಗೊತ್ತಾಗೇದ. ಇನ್ನ ಮ್ಯಾಲ ನಿಮ್ಮಕ್ಕ ಖರೇ ಹೇಳಿದ್ರೂ ಅವರು ಎರಡು ಸಲ ವಿಚಾರ ಮಾಡ್ತಾರ. ಅದಕ್ಕಿಂತ, ಆ ಕೂಸಿನ ತಲಿ ಮ್ಯಾಲ ಯಾಕ ಹೊರಸ್ತೀರಿ ಇದನ್ನ?"

ಅಕ್ಕ ಮಗಳನ್ನು ಎತ್ತಿಕೊಂಡು ಮನೆಯ ದಾರಿ ಹಿಡಿದಳು. ಆರು ವರ್ಷದ ಮಗುವನ್ನು ಎತ್ತಿಕೊಂಡು ಅಷ್ಟು ದೂರ ಯಾರಾದರೂ ನಡೆಯುತ್ತಾರೆಯೇ? ಅವಳು ನಡೆದಳು. ಅವತ್ತು ಊಟಕ್ಕೆ ಕೂತಾಗ ನನಗೆ ಬೇಕಾದ ಉಪ್ಪನ್ನು ನಾನೇ ಎದ್ದು ಹೋಗಿ ತಂದುಕೊಂಡೆ.

ಸದ್ಯಕ್ಕೆ ಮಗು ಅಕ್ಕನ ಬಳಿಯೇ ಇರಲಿ ಎಂದಾಯಿತು. ತಿಂಗಳಿಗೆ ಎರಡು ಭಾನುವಾರ, ಪುರಸಭೆಯ ಉದ್ಯಾನದಲ್ಲಿ, ತಾಯಿಯ ಕಡೆಯವರೊಬ್ಬರ ಎದುರಿನಲ್ಲಿ, ತಂದೆ ಒಂದು ತಾಸು ಮಗಳನ್ನು ನೋಡಬಹುದು. ಆ ಒಬ್ಬರು ಯಾರೆಂದು ಬೇರೆ ಹೇಳಬೇಕೆ? ಮಾಮಾ ಹೊಸ ನೋಟುಬುಕ್ಕು ಕೊಂಡರು. "ಒಂದ ಒಂದು ತಪ್ಪು ಮಾಡಲಿ, ಬರಕೋತೇನಿ," ಅಂದರು. ನನಗೂ ಅದೇ ಬೇಕಿತ್ತು. ಎರಡು ತಿಂಗಳ ನಂತರ, ಭಾವನ ವಿರುದ್ಧ ಅಂಶಗಳನ್ನು ಪಟ್ಟಿ ಮಾಡಲು ಆ ನೋಟುಬುಕ್ಕು ತೆರೆದೆ.

"ಮೊದಲನೇ ಭಾನುವಾರ. ಹತ್ತಕ್ಕೆ ಬರಬೇಕಾದವನು ಒಂಬತ್ತಕ್ಕೇ ಬಂದು ಕುಳಿತಿದ್ದ. ಕಾರಣ ತಿಳಿದಿಲ್ಲ. ಎರಡನೆಯದು. ಕೂಸಿನ ಜಡೆ ಬಿಚ್ಚಿತು. ತಾನೇ ಹೆಣೆದ. ಸೊಟ್ಟ. ನಾನು ಸರಿ ಮಾಡಲು ಹೋದರೆ ಕೂಸು ಮುಟ್ಟಗೊಡಲಿಲ್ಲ. ಮೂರನೆಯದು. ಜಾರುಬಂಡಿಯ ಕೆಳಗೆ ಕೈ ಚಾಚಿ ನಿಂತವನು ಪೂರ್ತಿ ತಾಸು ಅಲ್ಲಿಂದ ಕದಲಲಿಲ್ಲ. ನಾಲ್ಕನೆಯದು. ಹನ್ನೊಂದಕ್ಕೆ ಸಮಯ ಮುಗಿಯಿತು. ನನ್ನ ಗಡಿಯಾರ ಮುಂದೆ ಓಡುತ್ತಿದೆ, ಇನ್ನೂ ಹತ್ತೂವರೆ ಎಂದು ಹೇಳಿದೆ. ಗಡಿಯಾರ ಸರಿ ಇತ್ತು."

"ಮಾಮಾ, ಇದು ಅವರ ವಕೀಲರ ಕೈಗೆ ಸಿಕ್ಕರ ನಮ್ಮ ಕೇಸು ಮುಗೀತು," ಅಂದೆ.

"ಮುಗೀಲಿ," ಅಂದರು ಮಾಮಾ, ಮತ್ತು ನೋಟುಬುಕ್ಕನ್ನು ನನ್ನ ಕೈಯಿಂದ ಕಸಿದುಕೊಂಡು ಅಡುಗೆಮನೆಗೆ ಹೋಗಿ, ರೊಟ್ಟಿ ಬಡಿಯುತ್ತಿದ್ದ ಅಕ್ಕನ ಎದುರು ಕೂತು ಪೂರ್ತಿ ಓದಿದರು. ರೊಟ್ಟಿಯ ಸದ್ದು ನಿಂತಿತು.

"ಸೊಟ್ಟ ಹೆಣದಿದ್ರೇನು?"

"ಸೊಟ್ಟ ಅಂದ್ರ ಪೂರಾ ಸೊಟ್ಟ."

ಅಕ್ಕ ನಕ್ಕಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. ಹಂಚಿನ ಮೇಲಿನ ರೊಟ್ಟಿ ಸೀದು ಕಪ್ಪಾಯಿತು, ಯಾರೂ ತೆಗೆಯಲಿಲ್ಲ. "ಮೇಡಮ್ಮಾರಿಗೆ ಫೋನ್ ಹಚ್ಚು," ಅಂದಳು ನನಗೆ.

ಇಬ್ಬರು ವಕೀಲರೂ ಕೂತು ಕರಾರು ಬರೆದರು, ನ್ಯಾಯಾಲಯ ಒಪ್ಪಿತು. ಶಾಲೆಯ ದಿನಗಳಲ್ಲಿ ಮಗು ಅಕ್ಕನ ಬಳಿ. ವಾರ ಬಿಟ್ಟು ವಾರ, ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ಬೈಲಹೊಂಗಲದಲ್ಲಿ, ಅಪ್ಪನ ಬಳಿ. ರಜೆಯಲ್ಲಿ ಅರ್ಧರ್ಧ.

ಮೊದಲ ಶನಿವಾರ ಮಗುವನ್ನು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋದವರು ಮಾಮಾ ಮತ್ತು ನಾನು. ಭಾವ ಬಂದು ನಿಂತರು. ಮಾಮಾ ಮಗುವಿನ ಕೈ ಹಿಡಿದೇ ಇದ್ದರು. ಬಸ್ಸಿನವರು ಎರಡು ಸಲ ಸೀಟಿ ಊದಿದರು.

"ಆಕಿ ಹಾಲಿನ್ಯಾಗ ಕೆನಿ ಇದ್ರ ಕುಡಿಯೂದಿಲ್ಲ," ಅಂದರು ಮಾಮಾ. "ಸೋಸಿ ಕೊಡಬೇಕು."

"ಗೊತ್ತೈತ್ರಿ ಮಾಮಾರ," ಅಂದರು ಭಾವ. "ನನಗೂ ಸೇರೂದಿಲ್ಲ."

ಮಾಮಾ ಮಗುವಿನ ಚೀಲವನ್ನು ತಮ್ಮ ಹೆಗಲಿನಿಂದ ತೆಗೆದು ಭಾವನ ಹೆಗಲಿಗೆ ಹಾಕಿ, ಪಟ್ಟಿ ಜಾರದಂತೆ ಸರಿಮಾಡಿದರು.