ಅಪ್‌ಡೇಟಿನ ತೂಕ

ತೂಕ ನೋಡದೆ ಗುಂಡಿ ಒತ್ತಿದ್ದೇ ನಯನಳ ತಪ್ಪು. ಬೆಳಗ್ಗೆ ಹತ್ತಕ್ಕೆ ಲ್ಯಾಪ್‌ಟಾಪು, ಅಪ್‌ಡೇಟ್ ಆಗದಿದ್ದರೆ ಪರೀಕ್ಷೆಯ ಪುಟ ತೆರೆಯುವುದಿಲ್ಲ ಎಂದಿತು. ಆಗಲಿ ಎಂದು ಒತ್ತಿದಳು. ಅರ್ಧ ಗಂಟೆಯಲ್ಲಿ ಅವಳ ಫೋನಿನ ಆ ದಿನದ ಒಂದೂವರೆ ಜಿಬಿ, ಬಿಸಿ ಮುದ್ದೆಯ ಮೇಲೆ ಬಿದ್ದ ತುಪ್ಪದಂತೆ ಮಾಯವಾಯಿತು. ಪರದೆಯ ಮೇಲೆ ಮಾತ್ರ ಮೂವತ್ತಾರು ಪರ್ಸೆಂಟು.

ಪರೀಕ್ಷೆ ಮಧ್ಯಾಹ್ನ ಎರಡಕ್ಕೆ. ಒಂದು ವಿಮಾ ಕಚೇರಿಯ ಕೆಲಸ. ಮನೆಯಲ್ಲೇ ಕೂತು, ಮೊದಲೇ ನೋಂದಾಯಿಸಿದ ಲ್ಯಾಪ್‌ಟಾಪಿನಲ್ಲೇ ಬರೆಯಬೇಕು. ಮುಂದಿನ ತಿಂಗಳು ನಯನಳ ವಯಸ್ಸು ಮಿತಿ ದಾಟುತ್ತಿತ್ತು. ಅಂದರೆ ಇದೇ ಕೊನೆ. ರೀಚಾರ್ಜು ಮಾಡಲು ನೋಡಿದರೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎಂದು ಮೂರು ಸಲ ಬಂತು.

ಮಂಡ್ಯದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಚಿಕ್ಕಪ್ಪನ ಮಗ ಸಂತೋಷನಿಗೆ ಫೋನು ಮಾಡಿದಳು.

"ಎಷ್ಟು ಜಿಬಿ ಅಂತ ನೋಡ್ದೆ ಒತ್ಬುಟ್ಟಾ? ಏನಕ್ಕ ನೀನು! ಆ ಅಪ್‌ಡೇಟಿಗೊಂದು ನಂಬರ್ ಇರ್ತದೆ, ಓದು."

ಓದಿದಳು. ಅವನು ಕಂಪನಿಯ ಪಟ್ಟಿಯಲ್ಲಿ ಹುಡುಕಿ ಹೇಳಿದ: "ಒಟ್ಟು ನಾಕು ಪಾಯಿಂಟ್ ಒಂದು. ನಿಂಗಿನ್ನೂ ಎರಡು ಪಾಯಿಂಟ್ ಆರು ಬೇಕು."

"ನಿನ್ನಂಗ್ಡಿಗೇ ಬಂದ್ಬುಡ್ಲಾ?"

"ಬೆಳಗಿಂದ ಈ ಬೀದೀಲಿ ಕರೆಂಟೇ ಇಲ್ಲ ಕಣಕ್ಕ. ಅಕ್ಕಪಕ್ಕದೋರ್ನ ಕೇಳು."

ಅಕ್ಕಪಕ್ಕದವರನ್ನು ಕೇಳುವುದೆಂದರೆ ನಯನಳಿಗೆ ಈಜು ಬಾರದೆ ನಾಲೆಗೆ ಹಾರಿದಂತೆ. ಹೆಪ್ಪಿಗೆ ಒಂದು ಚಮಚ ಮೊಸರು ಬೇಕಾದಾಗಲೂ ಬಾಗಿಲಲ್ಲಿ ನಿಂತು ಕೆಮ್ಮುವ ಹುಡುಗಿ ಅವಳು. ಆದರೂ ಹೋದಳು. ಹೊಳಲು ಊರಿನ ಆ ಬೀದಿಯಲ್ಲಿ ಇಲ್ಲ ಅನ್ನುವವರಿಲ್ಲ. ಎಷ್ಟಿದೆ ಎಂದು ಹೇಳುವವರೂ ಇಲ್ಲ.

"ಒಸಿ ಐತೆ ಕಣವ್ವ," ಎಂದ ಎದುರುಮನೆಯ ಮಾದಯ್ಯ.

"ಒಸಿ ಅಂದ್ರೆ ಎಷ್ಟು ಮಾವ?"

"ಒಸಿ ಅಂದ್ರೆ ಒಸೀನೆ!"

ನೋಡಿದರೆ ತೊಂಬತ್ತು ಎಂಬಿ. ಪಕ್ಕದ ಮನೆಯ ಸೊಸೆ ರಂಜಿತಳಲ್ಲಿ ಒಂದು ಪಾಯಿಂಟ್ ಎರಡು ಜಿಬಿ. ಹಿಂದಿನ ಮನೆಯ ಚಿಕ್ಕಬೋರಮ್ಮಜ್ಜಿಗೆ ನೆಟ್ಟು ಹಾಕುವುದನ್ನು ಯಾರೂ ಕಲಿಸಿರಲಿಲ್ಲ. ಅವಳ ಒಂದೂವರೆ ಜಿಬಿ, ಮುಚ್ಚಳ ತೆಗೆಯದ ಎಣ್ಣೆ ಡಬ್ಬದಂತೆ ಹಾಗೇ ಇತ್ತು. ಮೂಲೆಮನೆಯ ಮಹದೇವುವಿನ ನಾನೂರು ಎಂಬಿಯನ್ನು ಪರೀಕ್ಷೆ ಬರೆಯಲೆಂದು ಎತ್ತಿಟ್ಟಳು. ಅದನ್ನು ಬಿಟ್ಟು ಕೂಡಿಸಿದರೂ ಅಪ್‌ಡೇಟಿಗೆ ಬೇಕಾದ್ದಕ್ಕಿಂತ ನೂರತೊಂಬತ್ತು ಎಂಬಿ ಹೆಚ್ಚು.

ಫೋನಿನ ಜೊತೆಗೆ ಫೋನಿನವರೂ ಬಂದರು. ಕೊಟ್ಟದ್ದು ಏನಾಯಿತೆಂದು ಕಣ್ಣಾರೆ ನೋಡದೆ ಎದ್ದುಹೋಗುವುದು ಆ ಬೀದಿಯಲ್ಲಿ ಮರ್ಯಾದೆಯಲ್ಲ. ನಡುಮನೆಯಲ್ಲಿ ಚಾಪೆ ಬಿತ್ತು. ಕಾಫಿ ಆಯಿತು. ಪರದೆಯ ಮೇಲಿನ ಗೆರೆ, ಏರಿಯಲ್ಲಿ ಸಿಕ್ಕಿಕೊಂಡ ಕಬ್ಬಿನ ಲಾರಿಯಂತೆ ಮುಲುಗುತ್ತ ಹತ್ತುತ್ತಿತ್ತು.

"ಎಲ್ಡೂವರೆ ಜಿಬಿ ಅಂದ್ರೆ ಎಷ್ಟಾಯ್ತದವ್ವ? ಒಂದ್ ಗಾಡಿ ಕಬ್ಬು?" ಮಾದಯ್ಯ ಪರದೆಯ ಮೇಲೆ ಬೆರಳಿಟ್ಟ.

"ಮುಟ್ಬ್ಯಾಡಿ ಮಾವ!"

ಐವತ್ತೈದಕ್ಕೆ ಗೆರೆ ನಿಂತೇ ಹೋಯಿತು. ನಯನ ತಿರುಗಿ ನೋಡಿದಳು. ರಂಜಿತ ಹಾಟ್‌ಸ್ಪಾಟು ಕೊಟ್ಟುಕೊಂಡೇ ಬಸ್ಸಾರಿನ ವಿಡಿಯೋ ನೋಡುತ್ತಿದ್ದಳು.

"ರಂಜಿತಕ್ಕ, ಅದು..."

"ಇದೊಂದು ಮುಗೀಲಿ ಕಣೆ, ಒಗ್ಗರಣೆಗೆ ಬಂದೈತೆ."

ಆ ಒಗ್ಗರಣೆ ನೂರೈವತ್ತು ಎಂಬಿ ತಿಂದಿತು. ಉಳಿದ ನಲವತ್ತು ಎಂಬಿಯ ಅಂಚಿನಲ್ಲಿ ನಯನ ಉಗುರು ಕಚ್ಚುತ್ತ ಕೂತಳು. ತೊಂಬತ್ತೆಂಟು. ತೊಂಬತ್ತೊಂಬತ್ತು. ಒಂದೂಕಾಲಿಗೆ ನೂರು! ಮರುಕ್ಷಣವೇ ಪರದೆ ಕಪ್ಪಾಯಿತು.

"ಓಯ್ತಾ?" ಎಂದಳು ಚಿಕ್ಕಬೋರಮ್ಮ, ಸಾವಿನ ಮನೆಗೆ ಬಂದವಳ ದನಿಯಲ್ಲಿ.

ಒಂದೂವರೆಯಾಯಿತು. ಎರಡಕ್ಕೆ ಐದು ನಿಮಿಷವಿದೆ ಎನ್ನುವಾಗ ಪರದೆಗೆ ಬೆಳಕು ಬಂತು. ಮಹದೇವು ಶಿಳ್ಳೆ ಹಾಕಿದ.

ಎರಡಕ್ಕೆ ಸರಿಯಾಗಿ ಪುಟ ತೆರೆಯಿತು. ಮೊದಲ ಸಾಲೇ, ಕೋಣೆಯಲ್ಲಿ ಅಭ್ಯರ್ಥಿ ಒಬ್ಬರೇ ಇರಬೇಕು, ಕ್ಯಾಮೆರಾ ನೋಡುತ್ತಿರುತ್ತದೆ ಎಂದಿತ್ತು. ನಯನ ಹಿಂತಿರುಗಿದಳು. ತಮ್ಮ ಡೇಟಾ ಸುರಿದು, ಮಧ್ಯಾಹ್ನದ ಊಟಕ್ಕೂ ಏಳದೆ ಕೂತ ನಾಲ್ಕು ಮುಖಗಳು. 'ಏಳಿ' ಎಂಬ ಮಾತು ನಾಲಗೆಯ ತುದಿಗೆ ಬಂದು ಅಲ್ಲೇ ಬೆವರಿತು.

"ಅಜ್ಜಿ... ಸ್ವಲ್ಪ... ಆಚೆಗೆ..."

"ಅಡ್ಡ ಆಯ್ತಾ? ಸರೀತೀನಿ ಬುಡವ್ವ," ಎಂದು ಚಿಕ್ಕಬೋರಮ್ಮ ಒಂದು ಗೇಣು ಹಿಂದಕ್ಕೆ ಸರಿದಳು. ಉಳಿದವರೂ ಒಂದೊಂದು ಗೇಣು ಸರಿದು, ಇನ್ನೂ ಚೆನ್ನಾಗಿ ಕಾಣಲೆಂದು ಕತ್ತು ಚಾಚಿದರು.

ಮೊದಲ ಪ್ರಶ್ನೆ ಬಂತು. ಉತ್ತರ ಗೊತ್ತಿತ್ತು. ಒತ್ತಲು ಬೆರಳು ಎತ್ತುವಷ್ಟರಲ್ಲಿ ಪರದೆ ಕೆಂಪಾಯಿತು: 'ಅಭ್ಯರ್ಥಿಯ ಹಿಂದೆ ನಾಲ್ವರು ಇದ್ದಾರೆ. ಪರೀಕ್ಷೆ ರದ್ದಾಗಿದೆ.'

"ಏನಂತದೆ ಅದು? ಓದಿ ಯೋಳವ್ವ," ಎಂದ ಮಾದಯ್ಯ.

"ಹಿಂದೆ... ನಾಲ್ಕು ಜನ ಇದ್ದಾರೆ ಅಂತದೆ ಮಾವ." ಎರಡನೆಯ ವಾಕ್ಯವನ್ನು ನಯನ ಓದಿ ಹೇಳಲಿಲ್ಲ.

ಮಾದಯ್ಯ ಮೀಸೆ ಸವರಿಕೊಂಡು ಮಿಕ್ಕವರ ಕಡೆ ನೋಡಿದ. "ನೋಡುದ್ರಾ! ಡೇಟಾ ಕೊಟ್ಟೋರು ಎಷ್ಟ್ ಜನ ಅಂತ ಲೆಕ್ಕ ಮಡಗೈತೆ. ಉಪಕಾರ ಮರೀದಿರೋ ಕಂಪನಿ ಕಣವ್ವ ಇದು, ಕಣ್ಮುಚ್ಕೊಂಡ್ ಸೇರ್ಕೊ!"