ಕುಣಿಯುವವರು ಇರುವ ತನಕ

ಎಲ್ಲ ಅನರ್ಥಕ್ಕೂ ಮೂಲ ಆ ಬ್ಯಾಂಡಿನ ಒಂದು ನಿಯಮ: ಎದುರಿಗೆ ಒಬ್ಬರಾದರೂ ಕುಣಿಯುತ್ತಿರುವ ತನಕ ಹಾಡು ನಿಲ್ಲಿಸಬಾರದು. ಗ್ಯಾರೇಜು ತುಂಬ ಜನ ಕುಣಿಯುತ್ತಿದ್ದ ಕಾಲದಲ್ಲಿ ಮೂವರೂ ಸೇರಿ ಮಾಡಿಕೊಂಡ ನಿಯಮ. ಸಿಟ್ಟಿನ ಹಾಡು, ಕಾಲನ್ನು ಸುಮ್ಮನಿರಲು ಬಿಡದ ತಾಳ. ಅದಕ್ಕೆ ಡ್ಯಾನ್ಸ್ ಪಂಕ್ ಎನ್ನುತ್ತಾರೆಂದು ಅವರಿಗೆ ಗೊತ್ತಾದದ್ದೇ ಆಮೇಲೆ. ರೆಕಾರ್ಡಿಂಗ್ ಕಂಪನಿಯವರು ಬಾಗಿಲಿಗೆ ಬಂದಾಗ, "ನಮಗೆ ಯಾರ ಹಂಗೂ ಬೇಡ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದರು. ಕಂಪನಿಯವರು ಮತ್ತೆ ಬರಲಿಲ್ಲ. ಬರಬರುತ್ತ ಜನವೂ ಬರಲಿಲ್ಲ.

ಡ್ರಮ್ ಬಾರಿಸುವ ಡಬಡಬ ಈಗ ಹಗಲು ವಾಷಿಂಗ್ ಮಷೀನ್ ರಿಪೇರಿ ಮಾಡುತ್ತಾನೆ. ಸಂಜೆ ಮನೆಯಲ್ಲಿ ಅಭ್ಯಾಸಕ್ಕೆ ಕೂತನೆಂದರೆ ಎದುರುಮನೆಯ ಬಾಲ್ಕನಿಯಲ್ಲಿ ನಿವೃತ್ತ ಗಣಿತದ ಟೀಚರಮ್ಮ ಪ್ರತ್ಯಕ್ಷ. ಮಾತಿಲ್ಲ, ಕತೆಯಿಲ್ಲ, ಸಟ್ಟುಗ ಹಿಡಿದ ಬಲಗೈ ಮೇಲೆತ್ತುತ್ತಾರೆ, ಇವನ ಕೈ ತಾನಾಗಿ ನಿಲ್ಲುತ್ತದೆ. ವರ್ಷಗಟ್ಟಲೆಯಿಂದ ಹೀಗೇ ನಡೆದಿದೆ.

ಆ ದಿನ ಬೆಳಿಗ್ಗೆ ಬ್ಯಾಂಡಿನಲ್ಲಿ ಹಾಡುವವಳು ಫೋನ್ ಮಾಡಿದಳು.

"ಇವತ್ತಿನ ಶೋನೇ ಕೊನೇದು ಕಣೋ. ಬೇರೆ ಊರಲ್ಲಿ ಸ್ಕೂಲಿನ ಸಂಗೀತ ಟೀಚರ್ ಕೆಲಸ ಸಿಕ್ಕಿದೆ. ನಾಲ್ಕು ಗಂಟೆ ಒಳಗೆ ಒಪ್ಪಿಗೆ ಹೇಳ್ಬೇಕು, ಇಲ್ದಿದ್ರೆ ಬೇರೆಯವರಿಗೆ ಕೊಡ್ತಾರಂತೆ. ಕೊನೇ ಹಾಡು ಮುಗಿದ ತಕ್ಷಣ ಫೋನ್ ಮಾಡ್ಬಿಡ್ತೀನಿ."

"ಹೋಗಬೇಡ" ಎನ್ನುವ ಮಾತು ಡಬಡಬನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು "ಒಳ್ಳೇದಾಯ್ತು ಬಿಡು" ಎಂದ. ಆ ಒಂದು ಮಾತು ಆಡಿದ್ದರೆ ಮುಂದಿನ ರಾಮಾಯಣವೇ ಇರುತ್ತಿರಲಿಲ್ಲ.

ಮಾತಾಡುವ ಬದಲು ಅವನು ಉಪಾಯ ಹೂಡಿದ. ನಾಲ್ಕರ ತನಕ ಹಾಡು ಮುಗಿಯದಿದ್ದರೆ ಅವಳು ಫೋನ್ ಮಾಡುವುದಿಲ್ಲ, ಬ್ಯಾಂಡ್ ಉಳಿಯುತ್ತದೆ. ಅದಕ್ಕೆ ದಣಿಯದೆ ಕುಣಿಯುವ ಒಂದು ಜೀವ ಬೇಕು.

ಟೈಲರನ್ನು ಕೇಳಿದ, ಸೊಂಟನೋವು. ಬೇಕರಿಯವನು, "ಕುಣೀತೀನಿ ಗುರು, ಆದ್ರೆ ನಿಮ್ಮ ಹಾಡು ಬೇಡ" ಎಂದ. ಇದೇ ಚಿಂತೆಯಲ್ಲಿ ಟೀಚರಮ್ಮನ ಮನೆಗೆ ರಿಪೇರಿಗೆ ಹೋದವನು ಪೈಪು ಜೋಡಿಸುವುದನ್ನೇ ಮರೆತು ಮಷೀನ್ ಚಾಲೂ ಮಾಡಿದ. ಅಡುಗೆಮನೆ ಕೆರೆಯಾಯಿತು. ಟೀಚರಮ್ಮ ಬೈಯುತ್ತ, ಒದ್ದೆಯಾಗದ ಜಾಗ ಹುಡುಕಿ ಅತ್ತಿಂದಿತ್ತ ನೆಗೆಯುತ್ತಿದ್ದರು. ಆ ಹೆಜ್ಜೆಗಳನ್ನು ಡಬಡಬ ಬಾಯಿಬಿಟ್ಟು ನೋಡಿದ.

"ಟೀಚರಮ್ಮ, ಮಧ್ಯಾಹ್ನ ನನಗೋಸ್ಕರ ಹೀಗೇ ಸ್ವಲ್ಪ ಕುಣೀತೀರಾ?"

"ಮನೆ ತುಂಬ ನೀರು ಬಿಟ್ಟಿದ್ದಲ್ದೆ ನನ್ನನ್ನೇ ಕುಣಿಸ್ತೀಯಾ?"

ಅವನು ನೆಲ ಒರೆಸುತ್ತ ಎಲ್ಲವನ್ನೂ ಹೇಳಿಕೊಂಡ. ಟೀಚರಮ್ಮ ಯೋಚಿಸಿದರು.

"ಒಂದು ಷರತ್ತು. ಇನ್ಮೇಲೆ ಮನೇಲಿ ಬಾರಿಸೋ ಹಾಗಿಲ್ಲ. ಯಾವತ್ತೂ."

"ಆಯ್ತು" ಎಂದ ಡಬಡಬ. ಬ್ಯಾಂಡ್ ಉಳಿದರೆ ಸಾಕಿತ್ತು.

ಹಾಲ್‌ನಲ್ಲಿ ಜನಕ್ಕಿಂತ ಕುರ್ಚಿಗಳೇ ಜಾಸ್ತಿ. ಕೊನೆಯ ಹಾಡು ಶುರುವಾಗಿ ಸ್ವಲ್ಪ ಹೊತ್ತಿಗೇ ಎಲ್ಲರೂ ಕೂತರು, ಇಬ್ಬರನ್ನು ಬಿಟ್ಟು: ಲೆಕ್ಕ ಹಾಕಿದಂತೆ ಎಡಕ್ಕೆರಡು ಬಲಕ್ಕೆರಡು ಹೆಜ್ಜೆ ಇಡುತ್ತಿದ್ದ ಟೀಚರಮ್ಮ, ಮತ್ತು ಯಾರೋ ದಪ್ಪ ಕನ್ನಡಕದ ಹೆಂಗಸು. ಹಾಲಿನ ವಾಚ್‌ಮನ್ ಫ್ಯಾನ್ ಆರಿಸಿ ಬೀಗದ ಕೈ ಗೊಂಚಲು ಅಲ್ಲಾಡಿಸಿದ. "ಇವರಿಗೆ ಮನೆ ಮಠ ಇಲ್ವೇನೋ?" ಎಂದು ಗಿಟಾರಿನವನು ಬೆರಳು ಊದಿಕೊಳ್ಳುತ್ತ ಗೊಣಗಿದ. ಸಾಹಿತ್ಯ ಮುಗಿದುಹೋಗಿ, ಹಾಡುವವಳು ಗೋಡೆಯ ಮೇಲಿದ್ದ "ಧೂಮಪಾನ ನಿಷೇಧಿಸಿದೆ" ಎಂಬುದನ್ನೇ ಎಳೆದೆಳೆದು ಹಾಡತೊಡಗಿದಳು. ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದಳು. ಫೋನ್ ಮಾಡಲು ಅವಸರವೆಂದುಕೊಂಡು ಡಬಡಬ ಇನ್ನಷ್ಟು ಜೋರಾಗಿ ಬಾರಿಸಿದ.

ನಾಲ್ಕಾಗಲು ಇನ್ನು ಸ್ವಲ್ಪವೇ ಬಾಕಿ. ಟೀಚರಮ್ಮ ಲೆಕ್ಕ ಮರೆತಿದ್ದರು. ತುರುಬು ಬಿಚ್ಚಿತ್ತು, ಕಣ್ಣು ಮುಚ್ಚಿತ್ತು. ಹಾಗೇ ಒಮ್ಮೆ ಗಿರಕಿ ಹೊಡೆದು ಬಲಗೈ ಮೇಲೆತ್ತಿದರು.

ಡಬಡಬನ ಕೈ ನಿಂತಿತು.

"ಯಾಕೋ ನಿಲ್ಲಿಸ್ದೆ?" ಎಂದರು ಟೀಚರಮ್ಮ.

"ನೀವು ಕೈ ಎತ್ತಿದ್ರಲ್ಲ!"

"ಅಯ್ಯೋ, ಅದು ಖುಷಿಗೆ ಎತ್ತಿದ್ದು ಕಣೋ!"

ಅಷ್ಟರಲ್ಲಿ ಹಾಡುವವಳು ಫೋನ್ ಹಿಡಿದು ಹೊರಗೆ ನಡೆದಾಗಿತ್ತು. ಡಬಡಬ ಹಾರಿದ, ಕಾಲು ದೊಡ್ಡ ಡ್ರಮ್ಮಿನೊಳಗೆ ಹೂತುಕೊಂಡಿತು. ಅದನ್ನು ಎಳೆದುಕೊಂಡು ದಡಬಡ ಎನ್ನುತ್ತ ಬಾಗಿಲಿಗೆ ಬರುವಷ್ಟರಲ್ಲಿ ಅವಳು ಫೋನ್ ಇಟ್ಟಿದ್ದಳು. ಕಣ್ಣು ಕೆಂಪಾಗಿತ್ತು.

"ಒಪ್ಕೊಂಡೆ" ಎಂದಳು. "ಕನ್ನಡಕ ಹಾಕ್ಕೊಂಡು ಕುಣೀತಿದ್ಲಲ್ಲ, ಅವಳು ನಮ್ಮಕ್ಕ. ನಾಲ್ಕರ ತನಕ ಕೂರ್ಬೇಡ ಅಂತ ನಾನೇ ಹೇಳಿದ್ದೆ. ಹೋಗಬೇಡ ಅಂತ ನೀನು ಅನ್ನಲಿಲ್ಲ, ಹೋಗಲ್ಲ ಅನ್ನೋಕೆ ನನಗೊಂದು ನೆಪ ಬೇಕಿತ್ತು. ಅವಳು ಕುಣೀತಿರುವಾಗ್ಲೇ ನೀನು ನಿಲ್ಲಿಸ್ಬಿಟ್ಟೆ. ನಿನಗೂ ಸಾಕಾಗಿದೆ ಅಂದ್ಕೊಂಡೆ."

"ಈಗ್ಲೇ ಮತ್ತೆ ಫೋನ್ ಮಾಡು! ಬರಲ್ಲ ಅನ್ನು!"

"ಹೇಗೆ ಅನ್ನಲಿ? ಹೆಡ್‌ಮಿಸ್ ಕ್ಲಾಸಿನಲ್ಲೇ ಸ್ಪೀಕರಿಗೆ ಹಾಕಿದ್ರು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದ್ರು ಕಣೋ. ಅಷ್ಟು ಚಪ್ಪಾಳೆ ನಮಗೆ ಯಾವತ್ತಾದ್ರೂ ಬಿದ್ದಿತ್ತಾ?"

ಬಿದ್ದಿರಲಿಲ್ಲ. ಅವನು ಡ್ರಮ್ಮಿನಲ್ಲಿ ಕಾಲಿಟ್ಟುಕೊಂಡೇ ನಿಂತಿದ್ದ.

ಹರಿದ ಡ್ರಮ್ಮನ್ನೂ ಟೀಚರಮ್ಮನನ್ನೂ ವ್ಯಾನಿನಲ್ಲಿ ಹಾಕಿಕೊಂಡು ಮನೆಗೆ ಹೊರಟ. ಟೀಚರಮ್ಮನ ಮುಖದಲ್ಲಿ ಇನ್ನೂ ಕಳೆ ಇತ್ತು.

"ಮುಂದಿನ ಶೋ ಯಾವಾಗಪ್ಪ?"

"ಇನ್ನಿಲ್ಲ, ಟೀಚರಮ್ಮ."

ಅವರು ತುಂಬ ಹೊತ್ತು ಲೊಚಗುಟ್ಟಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಆದ್ರೂ ಷರತ್ತು ಷರತ್ತೇ. ಮನೇಲಿ ಬಾರಿಸೋ ಹಾಗಿಲ್ಲ" ಎಂದರು.

ಡಬಡಬ ತಲೆಯಾಡಿಸಿದ. ಅವನ ಬೆರಳುಗಳು ಸ್ಟೀರಿಂಗ್ ಮೇಲೆ ತಮ್ಮಷ್ಟಕ್ಕೆ ಆ ಕೊನೆಯ ಹಾಡಿನ ತಾಳ ಹಾಕುತ್ತಿದ್ದವು. ಇನ್ನು ಅಷ್ಟೇ ಉಳಿದಿತ್ತು.

"ನೋಡು, ಇಲ್ಲಿ ತಿರುಗ್ಬೇಕು" ಎಂದು ಟೀಚರಮ್ಮ ಬಲಗೈ ಎತ್ತಿದರು.

ಬೆರಳುಗಳು ನಿಂತವು.